ಸಲೋಮಿಯ ಉಪವಾಸ

ಬೇಡಕಿಹಾಳದಲ್ಲಿ ಹುಡುಗಿಯರು ಕುಸ್ತಿ ಆಡುವುದು ಇನ್ನೂ ಹೊಸದಾಗಿದ್ದ ದಿನಗಳಲ್ಲಿ ದಶರಥ ಕಾಂಬಳೆ ತನ್ನ ಹತ್ತು ವರ್ಷದ ಮಗಳು ಸಲೋಮಿಯನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ರಾಜಾರಾಮ ವಸ್ತಾದರ ತಾಲೀಮಿಗೆ ಹೋದ. ಹಿಂದಿನ ದಿನ ಶಾಲೆಯಲ್ಲಿ ಅವಳು ತನಗಿಂತ ದೊಡ್ಡ ಹುಡುಗನೊಬ್ಬನನ್ನು ಎತ್ತಿ ಕೆಡವಿದ್ದಳು. ಅವನ ಮನೆಯವರು ಜಗಳಕ್ಕೆ ಬಂದಿದ್ದರು. ಜಗಳವೆಲ್ಲ ಮುಗಿದ ಮೇಲೆ ದಶರಥ ಯೋಚಿಸಿದ್ದು ಒಂದೇ: ಈ ಕೈಕಾಲಿಗೆ ಏನಾದರೂ ಕೆಲಸ ಕೊಡದಿದ್ದರೆ ದಿನಾ ಇದೇ ಪಂಚಾಯಿತಿ ಆದೀತು. ವಸ್ತಾದರು ಕುಸ್ತಿ ಕಲಿಸುತ್ತಲೇ ತಲೆ ಬೆಳ್ಳಗಾದವರು. ಹುಡುಗಿಯ ಹೆಗಲು ಹಿಡಿದು ನೋಡಿದರು, ಮೀನಖಂಡ ಅದುಮಿ ನೋಡಿದರು, ನಾಳೆಯಿಂದ ಕಳಿಸು ಎಂದರು.

ದಶರಥನಿಗೆ ಸ್ವಂತ ಹೊಲವಿರಲಿಲ್ಲ. ಶಾಂತಿನಾಥ ಎಂಬ ಜೈನ ರೈತರ ಹೊಲವನ್ನು ಲಾವಣಿಗೆ ಮಾಡುತ್ತಿದ್ದ. ಹೊಲ ಅವರದು, ದುಡಿಮೆ ಇವನದು, ಬೆಳೆದದ್ದು ಪಾಲು. ಹೆಂಡತಿ ಮಾರ್ಥಾ ನಿಪ್ಪಾಣಿಯಿಂದ ಬರುವ ಎಲೆ, ತಂಬಾಕು ತೆಗೆದುಕೊಂಡು ಮನೆಯಲ್ಲೇ ಬೀಡಿ ಕಟ್ಟುತ್ತಿದ್ದಳು. ಅವರದು ಅಜ್ಜನ ಕಾಲದಿಂದ ಕ್ರೈಸ್ತ ಮನೆತನ. ಊರಂಚಿನ ತಗಡಿನ ಪ್ರಾರ್ಥನಾ ಮಂದಿರದಲ್ಲಿ ಭಾನುವಾರ ಸೇರುವ ಕೆಲವೇ ಮನೆಗಳಲ್ಲಿ ಇದೂ ಒಂದು. ಊರಿನ ಲೆಕ್ಕದಲ್ಲಿ ಇವರಿದ್ದ ಓಣಿಯ ಜನಕ್ಕೆ ಹೇಳಿಕೊಳ್ಳುವಂಥ ಹೆಸರು ಅಲ್ಲಿಯವರೆಗೆ ಇರಲಿಲ್ಲ. ಸಲೋಮಿ ತಾಲೂಕು ಗೆದ್ದಳು, ಆಮೇಲೆ ಜಿಲ್ಲೆ ಗೆದ್ದಳು, ಅವಳ ಫೋಟೋ ಚಿಕ್ಕೋಡಿಯ ಬಸ್ ನಿಲ್ದಾಣದ ಎದುರಿನ ಬ್ಯಾನರಿನಲ್ಲಿ ಬಂತು. ಅಲ್ಲಿಂದ ಅವಳು ಬರಿ ದಶರಥನ ಮಗಳಾಗಿ ಉಳಿಯಲಿಲ್ಲ, ಇಡೀ ಓಣಿಯ ಮಗಳಾದಳು. ಯಾರದೋ ಮನೆಯ ಎಮ್ಮೆ ಕರು ಹಾಕಿದರೆ ಮೊದಲ ಹಾಲು ಅವಳಿಗೆ ಬರುತ್ತಿತ್ತು. ಹಬ್ಬಕ್ಕೆ ಮಟನ್ ತಂದವರು ಒಂದು ಡಬ್ಬಿ ಅವಳ ಪಾಲಿಗೆ ಕಳಿಸುತ್ತಿದ್ದರು.

ಮಂದಿರದ ಪಾಸ್ಟರ್ ಯೋಹಾನ ತರುಣ, ರಾಯಬಾಗದವರು. ಕಾಲೇಜಿನಲ್ಲಿ ತಾವೂ ಓಡುತ್ತಿದ್ದರಂತೆ. ಅವರಿಗೆ ಸಲೋಮಿಯೆಂದರೆ ಎಲ್ಲಿಲ್ಲದ ಅಭಿಮಾನ. ಉಪದೇಶ ಎಲ್ಲಿಂದ ಶುರುವಾದರೂ ಅವಳ ಹತ್ತಿರ ಬಂದು ನಿಲ್ಲುತ್ತಿತ್ತು. ಮೈ ದೇವರು ಒಪ್ಪಿಸಿಕೊಟ್ಟದ್ದು, ಅದನ್ನು ಹದ್ದುಬಸ್ತಿನಲ್ಲಿ ಇಟ್ಟವನೇ ಗೆಲ್ಲುತ್ತಾನೆ, ಈ ಹುಡುಗಿಯನ್ನು ನೋಡಿ, ನಾವು ಮಲಗಿರುವಾಗ ಎದ್ದು ಓಡುತ್ತಾಳೆ, ನಾವು ಬೇಡುವುದನ್ನೆಲ್ಲ ಬಿಟ್ಟಿದ್ದಾಳೆ ಎನ್ನುತ್ತಿದ್ದರು. ಜನ ತಿರುಗಿ ನೋಡುತ್ತಿದ್ದರು. ಸಲೋಮಿ ತಲೆ ತಗ್ಗಿಸಿ ಕೂರುತ್ತಿದ್ದಳು. ಅವಳಿಗೆ ಅದು ಹಿತವಾಗಿತ್ತು. ಅದೇ ಹೊತ್ತಿಗೆ ಒಳಗೊಂದು ಹೆದರಿಕೆಯೂ ಬೇರು ಬಿಡುತ್ತಿತ್ತು: ಒಮ್ಮೆ ಸೋತರೆ ಇವರೆಲ್ಲ ಯಾರನ್ನು ತಿರುಗಿ ನೋಡಬೇಕು?

ಕುಸ್ತಿಯಲ್ಲಿ ಜೋಡಿ ಹಚ್ಚುವುದು ತೂಕ ನೋಡಿ. ಸಲೋಮಿ ಐವತ್ತು ಕಿಲೋ ವರ್ಗದವಳು. ವಯಸ್ಸು ಹತ್ತೊಂಬತ್ತು ದಾಟುವಷ್ಟರಲ್ಲಿ ಮೈ ತನ್ನ ಪಾಡಿಗೆ ತಾನು ಬೆಳೆಯಿತು. ಹೆಗಲು ಅಗಲವಾಯಿತು, ತೊಡೆ ತುಂಬಿತು. ಮೇಲಿನ ವರ್ಗಕ್ಕೆ ಹೋಗಬಹುದಿತ್ತು. ಆದರೆ ಅಲ್ಲಿ ಅದೇ ತಾಲೀಮಿನ ರೂಪಾಲಿ ಇದ್ದಳು. ಅವಳನ್ನು ಸಲೋಮಿ ಒಂದು ಸಲವೂ ಚಿತ್ ಮಾಡಿರಲಿಲ್ಲ. ವಸ್ತಾದರು ಇಬ್ಬರನ್ನೂ ರಾಜ್ಯ ಮಟ್ಟಕ್ಕೆ ಒಯ್ಯಬೇಕೆಂದಿದ್ದವರು. ನೀನು ಐವತ್ತರಲ್ಲೇ ನಿಲ್ಲು, ಕುಸ್ತಿಯ ಹಿಂದಿನ ವಾರ ಸ್ವಲ್ಪ ಒಣಗಿದರಾಯಿತು ಎಂದರು. ತಾವೂ ಹರೆಯದಲ್ಲಿ ಹಾಗೆಯೇ ಮಾಡಿದವರು. ಕಣಕ್ಕೆ ಇಳಿಯುವ ಮುಂಚಿನ ನಾಲ್ಕು ದಿನ ಹೊಟ್ಟೆ ಕಟ್ಟುವುದು, ಮುಗಿದ ಮೇಲೆ ಹೊಟ್ಟೆ ತುಂಬ ಉಣ್ಣುವುದು ಅವರಿಗೆ ಕುಸ್ತಿಯ ಒಂದು ಭಾಗವೇ ಆಗಿತ್ತು. ಅವರು ಹೇಳಿದ ನಾಲ್ಕು ದಿನ ಸಲೋಮಿಯ ಕೈಯಲ್ಲಿ ತಿಂಗಳುಗಳಾದವು. ಅದನ್ನು ಅವರು ಗಮನಿಸಲಿಲ್ಲ.

ಮೊದಲು ಅನ್ನ ಬಿಟ್ಟಳು. ಆಮೇಲೆ ಎಣ್ಣೆ, ರೊಟ್ಟಿಗೆ ಹಚ್ಚುವ ಶೇಂಗಾ ಹಿಂಡಿ, ಹಾಲು. ರೊಟ್ಟಿಯನ್ನು ಚೂರು ಮಾಡಿ ತಟ್ಟೆಯ ಅಂಚಿಗೆ ಹರಡಿ ಉಂಡಂತೆ ಕಾಣಿಸುವುದನ್ನು ಕಲಿತಳು. ತಾಲೀಮಿನಲ್ಲಿ ತಿಂದೆ ಎಂದು ಮನೆಯಲ್ಲಿ ಹೇಳಿದಳು, ಮನೆಯಲ್ಲಿ ಉಂಡು ಬಂದೆ ಎಂದು ತಾಲೀಮಿನಲ್ಲಿ ಹೇಳಿದಳು. ಮಾರ್ಥಾಳ ಕಣ್ಣು ತಪ್ಪಿಸುವುದು ಮಾತ್ರ ದಿನೇ ದಿನೇ ಕಷ್ಟವಾಗುತ್ತಿತ್ತು. ಅಷ್ಟರಲ್ಲಿ ಈಸ್ಟರಿಗೆ ಮುಂಚಿನ ಉಪವಾಸದ ಕಾಲ ಬಂತು. ಸಲೋಮಿಗೆ ದಾರಿ ಸಿಕ್ಕಿತು. ಈ ಸಲ ಪೂರ್ತಿ ಉಪವಾಸ ಹಿಡಿಯುತ್ತೇನೆ, ಹಗಲು ನೀರನ್ನೂ ಮುಟ್ಟುವುದಿಲ್ಲ ಎಂದು ಮಂದಿರದಲ್ಲೇ ಎದ್ದು ನಿಂತು ಹೇಳಿದಳು. ಜನ ಚಪ್ಪಾಳೆ ತಟ್ಟಿದರು. ಮುದುಕಿಯರು ಅವಳ ತಲೆ ನೇವರಿಸಿದರು. ಪಾಸ್ಟರ್ ಯೋಹಾನ ಅವಳಿಗಾಗಿ ವಿಶೇಷ ಪ್ರಾರ್ಥನೆ ಮಾಡಿದರು. ದೇವರ ಹೆಸರಿನಲ್ಲಿ ಹಸಿದವಳಿಗೆ ಉಣ್ಣು ಎಂದು ಯಾರು ಹೇಳುತ್ತಾರೆ? ಹೆತ್ತ ತಾಯಿಯ ಬಾಯಿಯೂ ಕಟ್ಟಿಹೋಯಿತು.

ಆ ದಿನಗಳಲ್ಲಿ ಶಾಂತಿನಾಥರ ಹೊಲದ ಗಾಣ ಇನ್ನೂ ನಡೆದಿತ್ತು. ಕಬ್ಬಿನ ಹಾಲು ಕುದಿಯುವ ದೊಡ್ಡ ಕೊಪ್ಪರಿಗೆ, ಅದರ ಕೆಳಗೆ ಕಬ್ಬಿನ ಸಿಪ್ಪೆ ತಿನ್ನುವ ಒಲೆ. ಸಲೋಮಿ ಮೈತುಂಬ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು, ಮೇಲೆ ಸ್ವೆಟರ್ ತೊಟ್ಟು, ಹೊಲದ ದಾರಿಯಲ್ಲಿ ಓಡಿ ಬಂದು ಆ ಒಲೆಯ ಬಾಯಿಯ ಹತ್ತಿರ ಕೂರುತ್ತಿದ್ದಳು. ಬೆವರಿ ತೂಕ ಇಳಿಸುವುದಕ್ಕೆ. ಕೆಲಸಗಾರರು ಪೈಲ್ವಾನರ ಪದ್ಧತಿ ಇದೆಂದು ಸುಮ್ಮನಿದ್ದರು. ಬೆಲ್ಲದ ವಾಸನೆ ಹೊಟ್ಟೆಯೊಳಗೆ ಇಳಿದು ಹಿಂಡುತ್ತಿತ್ತು. ಬಾಯಲ್ಲಿ ಬಂದ ನೀರನ್ನು ಅವಳು ನುಂಗದೆ ಉಗುಳುತ್ತಿದ್ದಳು, ಅದೂ ತೂಕವೇ.

ಶಾಂತಿನಾಥರ ತಾಯಿ ಲಕ್ಷ್ಮಿಬಾಯಿ ವಯಸ್ಸಾದವರು. ವರ್ಷವರ್ಷವೂ ತಮ್ಮ ಧರ್ಮದ ಕಠಿಣ ಉಪವಾಸಗಳನ್ನು ಮಾಡುತ್ತ ಬಂದವರು. ಒಂದು ಮಧ್ಯಾಹ್ನ ಗಾಣಕ್ಕೆ ಬಂದವರು ಬಿಸಿ ಬೆಲ್ಲದ ತುಣುಕೊಂದನ್ನು ಎಲೆಯ ಮೇಲೆ ಹಾಕಿ ಸಲೋಮಿಯ ಕೈಗಿಟ್ಟರು. ಹುಡುಗಿ ಅದನ್ನು ಹಿಡಿದುಕೊಂಡು ಬಹಳ ಹೊತ್ತು ಕೂತಳು. ಆಮೇಲೆ ನಾಲಿಗೆಗೆ ತಾಗಿಸಿದಳು, ಎದ್ದು ಹಿಂದೆ ಹೋಗಿ ಉಗುಳಿದಳು, ಬಾಯನ್ನು ಸ್ವೆಟರಿನ ತೋಳಿನಿಂದ ಗಸಗಸ ಉಜ್ಜಿಕೊಂಡಳು. ಮುದುಕಿ ನೋಡುತ್ತಿದ್ದಾರೆ ಎಂದು ತಿಳಿದಾಗ ಸಿಟ್ಟಿನಿಂದ ಮುಖ ತಿರುವಿ ಓಡಿಹೋದಳು.

ಲಕ್ಷ್ಮಿಬಾಯಿ ಅದೇ ಸಂಜೆ ತಾವಾಗಿ ಮಾರ್ಥಾಳ ಮನೆಗೆ ಬಂದರು. ಅವರು ಆ ಓಣಿಗೆ ಬಂದದ್ದು ಅಪರೂಪ. ಮಾರ್ಥಾ ಬೀಡಿಯ ಮೊರ ಸರಿಸಿ ಎದ್ದಳು.

“ನಾನೂ ಉಪಾಸ ಮಾಡಾಕಿ,” ಎಂದರು ಲಕ್ಷ್ಮಿಬಾಯಿ. “ಉಪಾಸ ಮಾಡಿದಾಕಿ ಮಾರಿ ನನಗ ಗೊತ್ತೈತಿ. ನಿನ್ನ ಮಗಳದು ಉಪಾಸ ಅಲ್ಲ ಮಾರ್ಥಾ. ಆಕಿ ತನ್ನ ಮೈ ಕೂಡ ದ್ವೇಷ ಕಟ್ಟಿಕೊಂಡಾಳ.”

ಮಾರ್ಥಾಳಿಗೆ ಆಗಲೇ ಬೇರೊಂದು ಸಂಕಟವಿತ್ತು. ಮಗಳು ತಿಂಗಳುಗಳಿಂದ ಮುಟ್ಟಾಗಿರಲಿಲ್ಲ. ಒಂದೇ ಕೋಣೆಯ ಮನೆಯಲ್ಲಿ ತಾಯಿಗೆ ಅದು ಗೊತ್ತಾಗದೆ ಇರುತ್ತದೆಯೇ? ಕೇಳಲು ನಾಲಿಗೆ ಏಳುತ್ತಿರಲಿಲ್ಲ. ಊರೂರು ತಿರುಗುವ ಹುಡುಗಿ, ಗಂಡುಹುಡುಗರೊಂದಿಗೆ ತಾಲೀಮು ಮಾಡುವ ಹುಡುಗಿ. ಆ ಸಂಜೆ ಲಕ್ಷ್ಮಿಬಾಯಿ ಹೋದ ಮೇಲೆ ಬಾಗಿಲು ಹಾಕಿ, ಖರೇ ಹೇಳು, ಯಾರವನು ಎಂದು ಕೇಳಿಯೇಬಿಟ್ಟಳು. ಸಲೋಮಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅಳಲೂ ಇಲ್ಲ, ಕೂಗಲೂ ಇಲ್ಲ. ಗೋಡೆಗೆ ಒರಗಿ ಜಾರಿ ಕೂತುಬಿಟ್ಟಳು. ಆ ಮಾತಿಗಾಗಿ ಮಾರ್ಥಾ ಆಮೇಲೆ ಎಷ್ಟು ಸಲ ತನ್ನ ಬಾಯಿಗೆ ತಾನೇ ಹೊಡೆದುಕೊಂಡಳೋ ಗೊತ್ತಿಲ್ಲ.

ಮರುದಿನ ಇಬ್ಬರೂ ಚಿಕ್ಕೋಡಿಗೆ ಹೋಗಿ ಹೆಣ್ಣುಮಗಳೊಬ್ಬರು ನಡೆಸುವ ದವಾಖಾನೆಯ ಮುಂದೆ ಕೂತರು. ಡಾಕ್ಟರು ತೂಕ ನೋಡಿದರು, ನಾಡಿ ನೋಡಿದರು, ಉಗುರು, ಕಣ್ಣು ನೋಡಿದರು. ನೀವು ಅಂದುಕೊಂಡದ್ದು ಏನೂ ಇಲ್ಲ ಎಂದು ಮಾರ್ಥಾಳಿಗೆ ಹೇಳಿದರು. ಊಟ ಬಿಟ್ಟು ಬಿಟ್ಟು ಮೈ ತನ್ನ ಒಂದೊಂದೇ ಕೆಲಸ ನಿಲ್ಲಿಸುತ್ತಿದೆ, ಮುಟ್ಟು ನಿಂತದ್ದು ಅದಕ್ಕೇ, ಒಳಗೆ ಎಲುಬೂ ಸವೆಯುತ್ತಿರುತ್ತದೆ, ಇವತ್ತಿನಿಂದ ಕುಸ್ತಿ ಬಂದ್, ಊಟ ಶುರು ಎಂದರು. ತೊಡೆಯ ಸಂದಿನಲ್ಲಿ ನೋವಿದೆಯೇ ಎಂದು ಕೇಳಿದಾಗ ಸಲೋಮಿ ಇಲ್ಲ ಎಂದಳು. ಇತ್ತು. ಬಲಗಾಲು ಊರಿದಾಗಲೆಲ್ಲ ಒಳಗೆ ಸೂಜಿ ಹೊಕ್ಕಂತಾಗುತ್ತಿತ್ತು. ಆ ನೋವಿನ ಮೇಲೆಯೇ ಅವಳು ವಾರಗಟ್ಟಲೆ ಓಡಿದ್ದಳು.

ಬಸ್ಸಿನಲ್ಲಿ ವಾಪಸು ಬರುವಾಗ ತಾಯಿಯ ಕೈ ಹಿಡಿದು ಬೇಡಿಕೊಂಡಳು. ರಾಜ್ಯ ಮಟ್ಟಕ್ಕೆ ಆರಿಸುವ ಅಥಣಿಯ ಕುಸ್ತಿ ಒಂದು ಆಗಿಹೋಗಲಿ, ಅದರ ಮಾರನೆಯ ದಿನದಿಂದ ನೀನು ಹಾಕಿದ್ದನ್ನೆಲ್ಲ ಉಣ್ಣುತ್ತೇನೆ ಎಂದಳು. ಮಾರ್ಥಾ ಒಪ್ಪಲಿಲ್ಲ. ಪಾಸ್ಟರರ ಹತ್ತಿರ ಹೋಗಿ, ಉಪವಾಸ ಬಿಡು ಎಂದು ನೀವೇ ಹೇಳಿ, ನಿಮ್ಮ ಮಾತು ಕೇಳುತ್ತಾಳೆ ಎಂದಳು. ಯೋಹಾನ ಸಲೋಮಿಯನ್ನು ಕರೆಸಿ ಕೇಳಿದರು. ಇದು ನನಗೂ ದೇವರಿಗೂ ಇರುವ ಮಾತು ಎಂದಳು ಅವಳು. ಅವರು ಅವಳ ಗುಳಿಬಿದ್ದ ಕೆನ್ನೆಗಳನ್ನು ನೋಡಿದರು. ಅದರಲ್ಲಿ ಅವರಿಗೆ ಭಕ್ತಿ ಕಂಡಿತು. ಹಾಗಾದರೆ ನಾನು ನಡುವೆ ಬರುವುದಿಲ್ಲ ಎಂದು ಪ್ರಾರ್ಥಿಸಿ ಕಳಿಸಿದರು. ದಶರಥನನ್ನು ಕೇಳಿದರೆ ಅವನು ಹೊಲದ ಕಡೆ ನೋಡುತ್ತ, ಇನ್ನೇನು ಬಂತಲ್ಲ, ಅದೊಂದು ಮುಗಿಯಲಿ ಎಂದ. ಮನೆಯಲ್ಲಿ ಮಾರ್ಥಾ ಒಬ್ಬಳೇ ಆದಳು.

ಅಥಣಿಯಲ್ಲಿ ತೂಕ ಮಾಡಿದ್ದು ಬೆಳಿಗ್ಗೆ. ಸಲೋಮಿ ಐವತ್ತರ ಒಳಗೆ ಬಂದಳು. ತೂಕದ ಯಂತ್ರದಿಂದ ಇಳಿಯುವಾಗ ಕಣ್ಣು ಕತ್ತಲೆಗಟ್ಟಿ ರೂಪಾಲಿಯ ಹೆಗಲು ಹಿಡಿದಳು. ವಸ್ತಾದರು ಬಾಳೆಹಣ್ಣು, ಗ್ಲುಕೋಸ್ ನೀರು ಕೊಟ್ಟರು. ಎರಡು ಗುಟುಕು ಕುಡಿದು ವಾಂತಿ ಮಾಡಿಕೊಂಡಳು. ಆಗ ವಸ್ತಾದರಿಗೆ ಏನೋ ಸರಿಯಿಲ್ಲ ಎನಿಸಿತು. ಹಿಂದೆ ಸರಿಯೋಣವೇ ಎಂದು ಕೇಳಿದರಂತೆ. ಸಲೋಮಿ ಅವರ ಕಾಲು ಮುಟ್ಟಿ, ನಿಮಗೆ ಕೈ ಮುಗಿಯುತ್ತೇನೆ ವಸ್ತಾದರೇ, ಇದೊಂದು ಎಂದಳಂತೆ. ಪಾಸ್ಟರೂ ಓಣಿಯ ಜನರೂ, ಮಗಳನ್ನು ತಡೆಯಲಾಗದ ಮಾರ್ಥಾಳೂ ಟೆಂಪೋ ಮಾಡಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು.

ಮೊದಲ ಕುಸ್ತಿಯನ್ನು ಗೆದ್ದಳು. ಅದು ಹೇಗೆ ಗೆದ್ದಳೋ ಅವಳಿಗೇ ನೆನಪಿಲ್ಲ. ಎರಡನೆಯದು ಕಾಗವಾಡದ ಸೀಮಾ ಎಂಬ ಹುಡುಗಿಯ ಜೊತೆ. ಸೀಮಾ ಅವಳ ಬಲಗಾಲಿಗೆ ಕೈ ಹಾಕಿದಳು, ಎಲ್ಲ ಕುಸ್ತಿಯಲ್ಲೂ ಹಾಕುವ ಹಾಗೆ. ಎಳೆಯಲೂ ಇಲ್ಲ, ತಿರುವಲೂ ಇಲ್ಲ. ಸಲೋಮಿ ಆ ಕಾಲಿನ ಮೇಲೆ ಭಾರ ಹಾಕಿ ತಿರುಗಲು ಹೋದಳು. ನಾನು ಹಿಡಿದ ಕಾಲು ಇದ್ದಕ್ಕಿದ್ದಂತೆ ಯಾವುದಕ್ಕೂ ಸೇರದ ಕಾಲಿನ ಹಾಗಾಯಿತು ಎಂದು ಸೀಮಾ ಆಮೇಲೆ ಅಳುತ್ತ ಹೇಳಿದಳು. ಸಲೋಮಿ ಮ್ಯಾಟಿನ ಮೇಲೆ ಬಿದ್ದವಳು ಮತ್ತೆ ಏಳಲಿಲ್ಲ. ಜನಕ್ಕೆ ಅವಳು ಸೋತಳೆಂದಷ್ಟೇ ಅನಿಸಿ ಒಂದು ಕಡೆಯವರು ಸಿಳ್ಳೆ ಹಾಕುತ್ತಿದ್ದರು. ಮಾರ್ಥಾ ಮಾತ್ರ ಹಗ್ಗ ದಾಟಿ ಒಳಗೆ ಓಡಿದಳು.

ಮಿರಜಿನ ಆಸ್ಪತ್ರೆಯಲ್ಲಿ ತೊಡೆಯೆಲುಬಿನ ಮೇಲಿನ ತುದಿ, ಸೊಂಟಕ್ಕೆ ಕೂಡುವಲ್ಲಿ, ಮುರಿದಿದೆ ಎಂದರು. ಮೊದಲೇ ಸಣ್ಣಗೆ ಬಿರುಕು ಬಿಟ್ಟಿತ್ತು, ಅದರ ಮೇಲೆ ಓಡಿದ್ದಾಳೆ. ಎಲುಬಿನ ಚಿತ್ರ ನೋಡಿದ ದೊಡ್ಡ ಡಾಕ್ಟರು ಹುಡುಗಿಯ ವಯಸ್ಸನ್ನು ಎರಡು ಸಲ ಕೇಳಿದರು. ಎಪ್ಪತ್ತರ ಮುದುಕಿಯ ಎಲುಬು ಹೀಗಿರುತ್ತದೆ ಎಂದರು. ಸ್ಕ್ರೂ ಹಾಕಿ ಕೂಡಿಸಿದರು. ರಕ್ತ ಹರಿಯದೆ ಎಲುಬಿನ ಗುಂಡು ಒಳಗೇ ಸಾಯಬಹುದು, ಹಾಗಾದರೆ ಮತ್ತೊಂದು ಆಪರೇಷನ್ ಬೇಕಾದೀತು, ಕುಸ್ತಿಯನ್ನಂತೂ ಮರೆತುಬಿಡಿ ಎಂದರು.

ಇಷ್ಟಕ್ಕೇ ಮುಗಿದಿದ್ದರೆ ಮಾರ್ಥಾ ಹೇಗೋ ತಡೆದುಕೊಳ್ಳುತ್ತಿದ್ದಳು. ಕುಸ್ತಿ ಹೋಯಿತು, ಇನ್ನು ಹುಡುಗಿ ಉಣ್ಣುತ್ತಾಳೆ, ಕಾಲು ಕುಂಟಾದರೂ ಮಗಳು ಉಳಿಯುತ್ತಾಳೆ ಎಂದು ಅವಳು ನಂಬಿದ್ದಳು. ಆದರೆ ಸಲೋಮಿ ಉಣ್ಣಲಿಲ್ಲ. ಉಣ್ಣಲು ಆಗಲಿಲ್ಲ. ತೂಕ ಇಳಿಸಲು ಈಗ ಯಾವ ಕಾರಣವೂ ಇರಲಿಲ್ಲ, ಆದರೂ ತುತ್ತು ಬಾಯಿಗೆ ಬಂದರೆ ಗಂಟಲು ಮುಚ್ಚುತ್ತಿತ್ತು. ಮಲಗಿದಲ್ಲೇ ದಪ್ಪಗಾಗುತ್ತಿದ್ದೇನೆ ಎಂದು ಹೆದರಿ ಹೊಟ್ಟೆ ಚಿವುಟಿ ನೋಡಿಕೊಳ್ಳುತ್ತಿದ್ದಳು. ಮುರಿದ ಎಲುಬು ಕೂಡಲು ಅನ್ನ ಬೇಕು, ಹಾಲು ಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅವಳು ಹಾಲನ್ನು ಕಿಟಕಿಯಿಂದ ಚೆಲ್ಲುತ್ತಿದ್ದಳು, ರೊಟ್ಟಿಯನ್ನು ಹಾಸಿಗೆಯ ಕೆಳಗೆ ತುರುಕುತ್ತಿದ್ದಳು. ಮಾರ್ಥಾ ಬೈದಳು, ಅತ್ತಳು, ಮಗಳ ಕಾಲ ಬಳಿ ಕೂತು ಕೈ ಮುಗಿದಳು. ಬೇಕಂತ ಮಾಡುತ್ತಿಲ್ಲ ಅವ್ವಾ, ನನ್ನ ಕೈಯಲ್ಲಿ ಇಲ್ಲ ಎಂದು ಸಲೋಮಿಯೂ ಅತ್ತಳು. ಇಬ್ಬರೂ ಸೇರಿ ಅತ್ತರೂ ಹೊಟ್ಟೆಗೆ ಏನೂ ಇಳಿಯಲಿಲ್ಲ. ಕೂದಲು ಉದುರಿತು. ಬೆನ್ನಿನ ಮೇಲೆ ನವಿರಾದ ರೋಮ ಬೆಳೆಯಿತು. ಎರಡು ಸಲ ಮತ್ತೆ ಆಸ್ಪತ್ರೆಗೆ ಒಯ್ದು ಸಲೈನ್ ಹಚ್ಚಿದರು.

ಓಣಿಯ ಜನ ಮೊದಮೊದಲು ಬಂದರು. ಹಾಲು ತಂದರು, ಧೈರ್ಯ ಹೇಳಿದರು. ಆಮೇಲೆ ಬರುವುದು ಕಡಿಮೆಯಾಯಿತು. ವಸ್ತಾದರು ಬಂದಾಗ ಒಳಗೆ ಬರಲಿಲ್ಲ. ತಲೆಯ ಪಟಕ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತರು, ಕತ್ತಲಾಗುವ ಮೊದಲು ಎದ್ದು ಹೋದರು.

ಪಾಸ್ಟರ್ ಯೋಹಾನ ವಾರಕ್ಕೆರಡು ಸಲ ಬಂದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಿದ್ದರು. ದೇವರು ಎಬ್ಬಿಸುತ್ತಾನೆ, ಮತ್ತೆ ಮ್ಯಾಟಿನ ಮೇಲೆ ನಿಲ್ಲಿಸುತ್ತಾನೆ ಎನ್ನುತ್ತಿದ್ದರು. ಒಂದು ದಿನ ಸಲೋಮಿ ಅವರ ಕೈಯನ್ನು ತಲೆಯಿಂದ ಸರಿಸಿದಳು.

“ಬ್ಯಾಡ್ರಿ ಪಾಸ್ಟರ್ರ,” ಎಂದಳು. “ಮೈ ದೇವರದು ಅಂದ್ರಿ, ಹದ್ದಬಸ್ತಿನಾಗ ಇಡು ಅಂದ್ರಿ. ಇಟ್ಟೀನಿ. ನಾ ಹಸದಷ್ಟೂ ನೀವು ಚಪ್ಪಾಳಿ ಹೊಡದ್ರಿ. ಇನ್ನ ಇದನ್ನ ಒಯ್ದು ದೇವರಿಗೆ ಹ್ಯಾಂಗ ತಿರುಗಿ ಕೊಡಲಿ, ಹೇಳ್ರಿ.”

ಯೋಹಾನ ಎದ್ದು ನಿಂತರು. ಬಾಗಿಲಲ್ಲಿ ನಿಂತಿದ್ದ ಮಾರ್ಥಾಳ ಮುಖ ನೋಡಿದರು. ಅವಳೂ ಅವರನ್ನು ಸಮಾಧಾನಪಡಿಸುವ ಗೋಜಿಗೆ ಹೋಗಲಿಲ್ಲ. ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೊರಟುಹೋದರು.

ಆ ಭಾನುವಾರ ಅವರು ಉಪದೇಶ ಮಾಡಲಿಲ್ಲ. ಎಲ್ಲರ ಮುಂದೆ ನಿಂತು, ಒಂದು ಹುಡುಗಿಯ ಕಾಯಿಲೆಯನ್ನು ನಾನು ಭಕ್ತಿ ಎಂದು ತಿಳಿದೆ, ನಿಮಗೂ ಹಾಗೆಯೇ ತೋರಿಸಿದೆ ಎಂದರು. ದೇವರು ಒಪ್ಪಿಸಿಕೊಟ್ಟ ಮೈಯನ್ನು ದಂಡಿಸುವ ಮಾತನ್ನೇ ಆಡಿದೆ, ಸಾಕುವ ಮಾತನ್ನು ಒಮ್ಮೆಯೂ ಆಡಲಿಲ್ಲ ಎಂದರು. ಅಷ್ಟು ಹೇಳಿ ಕೂತುಬಿಟ್ಟರು. ಯಾರೋ ಹಾಡು ಎತ್ತಿದರು. ಅದೂ ನಡುವೆಯೇ ನಿಂತಿತು. ದಶರಥ ಕೊನೆಯ ಸಾಲಿನಲ್ಲಿದ್ದ. ಅವನು ಮನೆಗೆ ಬಂದವನು ಮಗಳ ಹಾಸಿಗೆಯ ಪಕ್ಕ ಕೂತ. ಕಾಲು ಮುರಿದಾಗಿನಿಂದ ಅವನು ಅವಳ ಮುಖವನ್ನು ನೇರವಾಗಿ ನೋಡಿರಲಿಲ್ಲ. ಸೈಕಲ್ಲಿನ ಮೇಲೆ ಕೂರಿಸಿ ತಾಲೀಮಿಗೆ ಒಯ್ದವನು ತಾನೇ ಎಂಬುದು ಅವನನ್ನು ಒಳಗಿಂದ ತಿನ್ನುತ್ತಿತ್ತು.

“ಸಲೂ,” ಎಂದ. “ನಾ ಶಾಂತಿನಾಥರ ಹೊಲ ಇಷ್ಟ ವರ್ಷ ಲಾವಣಿ ಮಾಡೀನಿ. ಬೆಳಿ ಬರಲಿಲ್ಲಂದ್ರ ಅವರು ಒಂದ ಮಾತ ಅಂದಿಲ್ಲ. ಆದ್ರ ಮಣ್ಣ ಕೆಡಿಸಿದ್ರ ಅವರಿಗೆ ಮಾರಿ ತೋರಸಾಕ ಆಗತಿರಲಿಲ್ಲ. ನಿನ್ನ ಹೊಲದಾಗ ನಾವೆಲ್ಲಾರೂ ಬರೀ ಬೆಳಿ ಕೇಳಿದಿವಿ. ಇನ್ನ ಬೆಳಿ ಬ್ಯಾಡ ಮಗಳ. ಮಣ್ಣಿಗೆ ಈಟ ನೀರ ಹಾಕು.”

ಆ ಮಾತಿನಿಂದ ಪವಾಡವೇನೂ ನಡೆಯಲಿಲ್ಲ. ಅವತ್ತು ಸಲೋಮಿ ನಾಲ್ಕು ಚಮಚ ಗಂಜಿ ಕುಡಿದಳು, ಮೂರನ್ನು ಕಕ್ಕಿದಳು. ಒಳಗೆ ಉಳಿದ ಆ ಒಂದನ್ನೇ ನಂಬಿಕೊಂಡು ದಶರಥ ಮರುದಿನವೂ ಕೂತ, ಅದರ ಮರುದಿನವೂ ಕೂತ. ಹೊಲದಿಂದ ಮಧ್ಯಾಹ್ನ ಬಂದು ತನ್ನ ತಟ್ಟೆಯನ್ನು ಅವಳ ಹಾಸಿಗೆಯ ಹತ್ತಿರ ಇಟ್ಟುಕೊಂಡು ಉಣ್ಣುವುದನ್ನು ರೂಢಿ ಮಾಡಿಕೊಂಡ. ಉಣ್ಣು ಎಂದು ಹೇಳುತ್ತಿರಲಿಲ್ಲ. ಯೋಹಾನ ಬೆಳಗಾವಿಯಲ್ಲಿ ಇಂಥ ಕಾಯಿಲೆ ನೋಡುವ ಮನೋವೈದ್ಯರನ್ನು ವಿಚಾರಿಸಿ ತಾವೇ ಕರೆದುಕೊಂಡು ಹೋದರು. ಮಗಳಿಗೆ ತಲೆ ಕೆಟ್ಟಿದೆಯೆಂದು ಊರು ಆಡಿಕೊಂಡಿತು. ಮಾರ್ಥಾ ಕಿವಿಗೆ ಹಾಕಿಕೊಳ್ಳಲಿಲ್ಲ. ವೈದ್ಯರು ಇದಕ್ಕೆ ಹೆಸರಿದೆ, ಔಷಧವೂ ಇದೆ, ಆದರೆ ಬಹಳ ಕಾಲ ಹಿಡಿಯುತ್ತದೆ ಎಂದರು. ಹಾಗೆಯೇ ಆಯಿತು. ಒಂದು ತಿಂಗಳು ಮುಂದೆ ಹೋದರೆ ಇನ್ನೊಂದು ತಿಂಗಳು ಹಿಂದೆ ಬರುತ್ತಿದ್ದಳು. ಎಲುಬಿನ ಗುಂಡು ಡಾಕ್ಟರು ಹೆದರಿದಂತೆಯೇ ಒಳಗೆ ಸತ್ತಿತು, ಎರಡನೆಯ ಆಪರೇಷನ್ ಆಯಿತು. ಬಲಗಾಲು ಎಡಗಾಲಿಗಿಂತ ಕೊಂಚ ಗಿಡ್ಡವಾಗಿ ಉಳಿಯಿತು. ರೂಪಾಲಿ ರಾಜ್ಯ ಮಟ್ಟದಲ್ಲಿ ಪದಕ ಗೆದ್ದು ಬಂದಾಗ ಓಣಿಯ ಮುಂದೆ ಹಲಗಿ ಬಾರಿಸುತ್ತ ಮೆರವಣಿಗೆ ಹೋಯಿತು. ಸಲೋಮಿ ಆ ದಿನ ಮತ್ತೆ ಊಟ ಬಿಟ್ಟಳು, ಬಹಳ ದಿನ.

ಮುಟ್ಟು ಮರಳಿ ಬಂದದ್ದು ವರ್ಷಗಳ ಮೇಲೆ. ಮಾರ್ಥಾ ಬೀಡಿ ಕಟ್ಟುತ್ತಿದ್ದ ಕೈ ನಿಲ್ಲಿಸಿ, ಗಂಡನಿಗೆ ಹೇಳಲಾರದೆ, ಲಕ್ಷ್ಮಿಬಾಯಿಯವರ ಮನೆಗೆ ಹೋಗಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅತ್ತಳು.

ಹೋದ ವರ್ಷ ಯೋಹಾನ ರಾಯಬಾಗದಲ್ಲಿ ಆಟಗಾರರಾದ ಕ್ರೈಸ್ತ ಮಕ್ಕಳಿಗಾಗಿ ಒಂದು ದಿನದ ಶಿಬಿರ ಇಟ್ಟರು. ದೇವರು ಕೊಟ್ಟ ಮೈಯನ್ನು ನೋಡಿಕೊಳ್ಳುವುದು ಹೇಗೆ ಎಂಬುದೇ ಅಲ್ಲಿಯ ವಿಷಯ. ಒಬ್ಬ ಡಾಕ್ಟರು ಬಂದು ಊಟ, ನಿದ್ದೆ, ಗಾಯದ ಬಗ್ಗೆ ಹೇಳುವವರಿದ್ದರು. ನೀನು ಬಂದು ನಿನ್ನ ಅನುಭವದ ಸಾಕ್ಷಿ ಹೇಳು ಎಂದು ಅವರು ಸಲೋಮಿಯನ್ನು ಕೇಳಿದರು. ಇನ್ನೊಮ್ಮೆ ಜನರ ಮುಂದೆ ನಿಲ್ಲುವುದಿಲ್ಲ ಎಂದಳು ಅವಳು. ಅವರು ಒತ್ತಾಯಿಸಲಿಲ್ಲ. ಆದರೂ ಬೆಳಿಗ್ಗೆ ಎದ್ದು ತಾಯಿಯ ಜೊತೆ ಬಸ್ಸು ಹತ್ತಿದಳು. ಯಾಕೆ ಹೋದೆನೋ ನನಗೇ ಗೊತ್ತಿರಲಿಲ್ಲ ಎನ್ನುತ್ತಾಳೆ.

ಮಧ್ಯಾಹ್ನ ಎಲ್ಲರೂ ಸಾಲಾಗಿ ಕೂತಾಗ ದಿಗ್ಗೇವಾಡಿಯ ಓಟಗಾರ್ತಿಯೊಬ್ಬಳು ತಟ್ಟೆ ತೆಗೆದುಕೊಳ್ಳದೆ ಮರದ ಕೆಳಗೆ ನಿಂತಿದ್ದಳು. ಬಡಿಸುವವರು ಕರೆದರೆ, ನಂದು ಉಪಾಸ ಐತ್ರಿ ಎಂದು ನಗುತ್ತ ಹೇಳಿದಳು. ಬಡಿಸುವ ಹೆಣ್ಣುಮಕ್ಕಳು ಮೆಚ್ಚಿಕೆಯಿಂದ ತಲೆಯಾಡಿಸಿದರು. ಸಲೋಮಿ ದೂರದಿಂದಲೇ ಅವಳ ಎಲುಬು ಕಾಣುವ ಮುಂಗೈ ನೋಡಿದಳು, ಬಿಸಿಲಿನಲ್ಲೂ ತೊಟ್ಟ ಉದ್ದ ತೋಳಿನ ಅಂಗಿ ನೋಡಿದಳು. ಒಂದು ತಟ್ಟೆಯಲ್ಲಿ ಚಪಾತಿ, ಅನ್ನ, ಸಾರು ಹಾಕಿಸಿಕೊಂಡು ಕುಂಟುತ್ತ ಮರದ ಕೆಳಗೆ ಹೋಗಿ ಕೂತಳು.

“ಕುಂಡ್ರ ಬಾ. ನಿನಗ ಉಣ್ಣು ಅನ್ನಂಗಿಲ್ಲ,” ಎಂದಳು. “ನಂಗ ಒಬ್ಬಾಕಿಗೆ ಉಣ್ಣಾಕ ಅಂಜಿಕಿ ಬರತೈತಿ. ನೀ ಬಾಜೂಕ ಇರು.”

ಹುಡುಗಿಗೆ ವಿಚಿತ್ರವೆನಿಸಿರಬೇಕು. ಆದರೂ ಕೂತಳು. ಸಲೋಮಿ ಚಪಾತಿಯನ್ನು ಸಣ್ಣಗೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು, ಬಹಳ ಹೊತ್ತು ಅಗಿದಳು. ಹಣೆಯ ಮೇಲೆ ಬೆವರು ಬಂತು. ನಡುವೆ ಒಮ್ಮೆ ತಟ್ಟೆ ಕೆಳಗಿಟ್ಟು ಕಣ್ಣು ಮುಚ್ಚಿ ಕೂತಳು. ಮತ್ತೆ ಎತ್ತಿಕೊಂಡಳು. ಉಳಿದವರೆಲ್ಲ ಕೈ ತೊಳೆದು ಒಳಗೆ ಹೋದರು, ಡಾಕ್ಟರ ಭಾಷಣ ಶುರುವಾಯಿತು. ಇವರಿಬ್ಬರೂ ಅಲ್ಲೇ ಇದ್ದರು. ಮಾರ್ಥಾ ದೂರದ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು, ಹತ್ತಿರ ಬರಲಿಲ್ಲ. ಸಲೋಮಿ ತನ್ನ ಕಾಲಿನ ಕಥೆ ಹೇಳಿದಳು, ಅಥಣಿಯ ಕಥೆ ಹೇಳಿದಳು, ತನ್ನ ಉಪವಾಸ ದೇವರಿಗಾಗಿ ಇರಲಿಲ್ಲ ಎಂಬುದನ್ನೂ ಹೇಳಿದಳು. ಹುಡುಗಿ ನೆಲ ಕೆರೆಯುತ್ತ ಕೇಳಿದಳು. ನಿಮಗೆ ಮುಟ್ಟು ನಿಂತಿತ್ತೇನು ಅಕ್ಕಾ ಎಂದು ಮೆಲ್ಲಗೆ ಕೇಳಿದಳು. ಸಲೋಮಿ ಹೌದೆಂದಾಗ ಅವಳ ಮುಖ ಮುದುಡಿತು. ಊಟ ಮುಟ್ಟಲಿಲ್ಲ. ಹೋಗುವಾಗ ಸಲೋಮಿಯ ಫೋನ್ ನಂಬರು ಕೇಳಿ ತೆಗೆದುಕೊಂಡಳು.

ಸಲೋಮಿಗೆ ಈಗ ಇಪ್ಪತ್ತೈದು ದಾಟಿದೆ. ನಿಪ್ಪಾಣಿಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಬಹಳ ಹೊತ್ತು ನಿಂತರೆ ಸೊಂಟ ಹಿಡಿದುಕೊಳ್ಳುತ್ತದೆ ಎಂದು ಮಾಲೀಕರು ಸ್ಟೂಲು ಕೊಟ್ಟಿದ್ದಾರೆ. ಮದುವೆಯ ಮಾತು ಬಂದಾಗ ಎದ್ದು ಹೋಗುತ್ತಾಳೆ. ಮಂದಿರಕ್ಕೆ ಹೋಗುತ್ತಾಳೆ, ಬಾಗಿಲ ಹತ್ತಿರ ಕೂರುತ್ತಾಳೆ. ಊಟ ಇನ್ನೂ ಸುಲಭವಾಗಿಲ್ಲ. ಕೆಲವು ದಿನ ಮಾರ್ಥಾ ಸಂಜೆ ವಾಪಸು ಬಂದ ಊಟದ ಡಬ್ಬಿ ತೆರೆದು, ಉಳಿದದ್ದನ್ನು ನೋಡಿ ಮುಚ್ಚುತ್ತಾಳೆ.

ದಿಗ್ಗೇವಾಡಿಯ ಹುಡುಗಿ ಆಗಾಗ ಫೋನ್ ಮಾಡುತ್ತಾಳೆ. ಉಂಡೆ ಅಕ್ಕಾ ಎನ್ನುತ್ತಾಳೆ. ಅದು ಸುಳ್ಳಾದ ದಿನ ಸಲೋಮಿಗೆ ಧ್ವನಿಯಿಂದಲೇ ಗೊತ್ತಾಗುತ್ತದೆ. ಬೈಯುವುದಿಲ್ಲ. ಏನು ಪಲ್ಯ ಮಾಡಿದ್ದರು, ರೊಟ್ಟಿ ಯಾರು ಬಡಿದದ್ದು, ಬಿಸಿ ಇತ್ತೋ ಆರಿತ್ತೋ ಎಂದು ಒಂದೊಂದಾಗಿ ಕೇಳುತ್ತ ಹೋಗುತ್ತಾಳೆ. ಅತ್ತ ಕಡೆಯಿಂದ ಉತ್ತರ ನಿಂತಾಗ ಫೋನ್ ಇಡುವುದಿಲ್ಲ. ಅಂಗಡಿಗೆ ಗಿರಾಕಿ ಬಂದು ಕರೆಯುವವರೆಗೆ ಹಾಗೆಯೇ ಕಿವಿಗೆ ಹಿಡಿದುಕೊಂಡು ಕೂತಿರುತ್ತಾಳೆ.